ಕೈ ಸೋತಿಲ್ಲ ತಮ್ಮಾ, ಕಣ್ಣು ಮುಂದೆ ಓಡಿದೆ!

ಚಿತ್ರದುರ್ಗದ ಕಡೆಯಿಂದ ಒಬ್ಬ ಹುಡುಗನ ಪತ್ರ ಬಂದಿದೆ. ಹೆಸರು ಹಾಕಬೇಡಿ ಅಂತ ಕೇಳಿಕೊಂಡಿದ್ದಾನೆ, ಹಾಕುವುದಿಲ್ಲ. ವಿಷಯ ಇಷ್ಟು. ಊರಿನ ಆಟೋ ಸ್ಟ್ಯಾಂಡಿನವರು ರಾಜ್ಯೋತ್ಸವಕ್ಕೆ ಶಂಕರ್‌ನಾಗ್ ಚಿತ್ರ ಬರೆದುಕೊಡು ಅಂದರಂತೆ. ಈತ ನಾಲ್ಕು ರಾತ್ರಿ ನಿದ್ದೆಗೆಟ್ಟು ದೊಡ್ಡ ಡ್ರಾಯಿಂಗ್ ಷೀಟಿನ ಮೇಲೆ ಅವರ ಮುಖ ಬರೆದ. ಬೆಳಿಗ್ಗೆ ಒಯ್ದು ತೋರಿಸಿದರೆ ಒಬ್ಬ ಕೇಳಿದ: "ಯಾರಪ್ಪ ಇದು, ನಿಮ್ಮ ಸೋದರಮಾವನಾ?" ಸ್ಟ್ಯಾಂಡಿಗೆ ಸ್ಟ್ಯಾಂಡೇ ನಕ್ಕಿತು. ಕೊನೆಗೆ ಫ್ಲೆಕ್ಸ್ ಮಾಡಿಸಿ ಕಟ್ಟಿದರು. ಹುಡುಗ ಮನೆಗೆ ಬಂದವನೇ ಚಿತ್ರವನ್ನು ಒಲೆಗೆ ಹಾಕಿದ. ಪೆನ್ಸಿಲ್ ಮುಟ್ಟಿ ಎಂಟು ತಿಂಗಳಾಯಿತಂತೆ. "ನನಗೆ ಕೈ ಇಲ್ಲ ಅಣ್ಣಾ" ಎಂದು ಪತ್ರ ಮುಗಿಸಿದ್ದಾನೆ.

ಈ ಪತ್ರ ಓದಿ ನಗಬೇಡಿ ಗೆಳೆಯರೇ. ನೆಚ್ಚಿನ ನಾಯಕನ ಮುಖ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದು, ಯಾರೋ ಏನೋ ಅಂದರೆಂದು ಹರಿದು ಹಾಕಿದವರು ನಿಮ್ಮಲ್ಲಿ ಎಷ್ಟು ಜನ ಇಲ್ಲ!

ಮೈಸೂರಿನ ಹುಡುಗ, ಮುಂಬಯಿಯ ಬಾಗಿಲು

ತಮ್ಮಾ, ಶಂಕ್ರಣ್ಣನಿಂದಲೇ ಶುರು ಮಾಡೋಣ. ಅವರು ಆಗುಂಬೆಯಲ್ಲಿ ಚಿತ್ರೀಕರಿಸಿದ 'ಮಾಲ್ಗುಡಿ ಡೇಸ್' 1986ರಲ್ಲಿ ದೂರದರ್ಶನಕ್ಕೆ ಬಂತು. ಹೆಸರುಗಳು ಬರುವಾಗ ತೆರೆಯ ಮೇಲೆ ಕಾಣುವ ಆ ಗೆರೆಚಿತ್ರಗಳು ನೆನಪಿವೆಯಾ? ಬರೆದವರು ಆರ್.ಕೆ. ಲಕ್ಷ್ಮಣ್. ಕಥೆ ಬರೆದ ಆರ್.ಕೆ. ನಾರಾಯಣ್ ಅವರ ತಮ್ಮ, ನಮ್ಮ ಮೈಸೂರಿನವರು.

ಈ ಲಕ್ಷ್ಮಣ್ ಹುಡುಗರಾಗಿದ್ದಾಗ ಮುಂಬಯಿಯ ಜೆ.ಜೆ. ಕಲಾಶಾಲೆಗೆ ಅರ್ಜಿ ಹಾಕಿದರು. ಜೊತೆಗೆ ತಮ್ಮ ಚಿತ್ರಗಳನ್ನೂ ಕಳಿಸಿದರು. ಬಂದ ಉತ್ತರ ಏನು ಗೊತ್ತಾ? ಶಾಲೆಗೆ ಸೇರಿಸಿಕೊಳ್ಳುವಷ್ಟು ಪ್ರತಿಭೆ ನಿಮ್ಮಲ್ಲಿ ಕಾಣುತ್ತಿಲ್ಲ! ನಿನಗೆ ಹೇಳಿದ್ದು ಆಟೋ ಸ್ಟ್ಯಾಂಡಿನವರು ಕಣಪ್ಪಾ. ಅವರಿಗೆ ಹೇಳಿದ್ದು ಕಲಾಶಾಲೆಯೇ!

ಅವರು ಪೆನ್ಸಿಲ್ ಒಲೆಗೆ ಹಾಕಲಿಲ್ಲ. ಮೈಸೂರಿನಲ್ಲೇ ಬಿ.ಎ. ಓದಿದರು. ಅಣ್ಣನ ಕಥೆಗಳಿಗೆ ಚಿತ್ರ ಬರೆದರು. ರಾಶಿಯವರ 'ಕೊರವಂಜಿ' ಪತ್ರಿಕೆಗೂ ಬರೆದರು. ಆಮೇಲೆ ಅದೇ ಮುಂಬಯಿಗೆ ಹೋಗಿ 1951ರಲ್ಲಿ ಚೌಕಳಿ ಕೋಟಿನ 'ಶ್ರೀಸಾಮಾನ್ಯ'ನನ್ನು ಸೃಷ್ಟಿಸಿದರು. 1984ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ, 2005ರಲ್ಲಿ ಪದ್ಮವಿಭೂಷಣ. 2015ರಲ್ಲಿ ತೀರಿಕೊಂಡರು, ಆ ಕೋಟಿನ ಮನುಷ್ಯ ಇನ್ನೂ ಬದುಕಿದ್ದಾನೆ.

ಗುಟ್ಟು ಏನು? ಅವರು ಕಾಗೆ ನೋಡುತ್ತಿದ್ದರು! ಹೌದು, ಕಾಗೆ. ಚಿಕ್ಕಂದಿನಲ್ಲಿ ಕಿಟಕಿಯಾಚೆ ಕಂಡ ಒಣಕಡ್ಡಿ, ಸೌದೆ ಒಡೆಯುವ ಆಳು, ಮಾಡಿನ ಮೇಲಿನ ಕಾಗೆ, ಕಂಡದ್ದನ್ನೆಲ್ಲ ಬರೆದರು. ದೊಡ್ಡವರಾದ ಮೇಲೂ ಕಾಗೆ ಬರೆಯುವುದನ್ನು ಬಿಡಲಿಲ್ಲ.

ತಪ್ಪು ಎಲ್ಲಿದೆ?

ಒಂದು ಮಾತು ಕೇಳ್ತೀನಿ, ನಿಜ ಹೇಳು. ಅವರು ನಕ್ಕಿದ್ದಕ್ಕೆ ಮಾತ್ರ ಚಿತ್ರ ಸುಟ್ಟೆಯಾ? ಇಲ್ಲ. ಮುಖ ಸರಿ ಬಂದಿಲ್ಲ ಅಂತ ನಿನಗೂ ಕಂಡಿತ್ತು. ಅದೇ ಒಳ್ಳೆಯ ಸುದ್ದಿ! ತಪ್ಪು ಕಾಣುತ್ತದೆ ಅಂದರೆ ಕಣ್ಣು ಪಳಗಿದೆ ಅಂತ ಅರ್ಥ. ಕಣ್ಣು ಮುಂದೆ ಓಡಿದೆ, ಕೈ ಹಿಂದೆ ಉಳಿದಿದೆ. ಕೈಯನ್ನು ಕಣ್ಣಿನ ಹತ್ತಿರ ತರುವುದಕ್ಕೇ ಅಭ್ಯಾಸ ಅಂತ ಹೆಸರು.

ಹೊಸಬರು ಕಂಡದ್ದನ್ನು ಬರೆಯುವುದಿಲ್ಲ, ಗೊತ್ತಿರುವುದನ್ನು ಬರೆಯುತ್ತಾರೆ. ಕಣ್ಣು ತಲೆಯ ಮೇಲ್ಭಾಗದಲ್ಲಿದೆ ಅಂದುಕೊಂಡು ಹಣೆಗೆ ಏರಿಸಿಬಿಡುತ್ತಾರೆ. ಅಳೆದು ನೋಡು. ನೆತ್ತಿಯಿಂದ ಗಲ್ಲದವರೆಗೆ ಸರಿ ಅರ್ಧಕ್ಕೆ ಕಣ್ಣು ಬರುತ್ತದೆ. ಎರಡು ಕಣ್ಣಿನ ನಡುವೆ ಸುಮಾರು ಇನ್ನೊಂದು ಕಣ್ಣಿನಷ್ಟು ಜಾಗ. ಹುಬ್ಬಿಗೂ ಗಲ್ಲಕ್ಕೂ ನಡುವೆ ಮೂಗಿನ ತುದಿ. ಇದು ಸಾಮಾನ್ಯ ಲೆಕ್ಕ. ಇದರಲ್ಲಿ ಶಂಕ್ರಣ್ಣನ ಮುಖ ಎಲ್ಲಿ ಬೇರೆಯಾಗುತ್ತದೆ ಅಂತ ಹುಡುಕು, ಹೋಲಿಕೆ ಇರುವುದು ಅಲ್ಲೇ. ಗಡ್ಡದ ಒಂದೊಂದು ಕೂದಲೂ ಬರೆಯಲು ಹೋಗಬೇಡ. ಕಣ್ಣು ಅರ್ಧ ಮುಚ್ಚಿ ನೋಡು, ಗಡ್ಡ ಒಂದು ಕಪ್ಪು ಆಕಾರವಾಗಿ ಕಾಣುತ್ತದೆ. ಮೊದಲು ಆ ಆಕಾರ, ಆಮೇಲೆ ಕೂದಲು.

ಬ್ಯಾನರ್ ಕಲಾವಿದರ ಹಳೆಯ ಉಪಾಯ ಇನ್ನೊಂದಿದೆ. ಫೋಟೋ ಮೇಲೆ ಸ್ಕೇಲಿನಿಂದ ಸಮನಾದ ಚೌಕ ಹಾಕು. ಹಾಳೆಯ ಮೇಲೆ ಅಷ್ಟೇ ಸಂಖ್ಯೆಯ ದೊಡ್ಡ ಚೌಕ ಹಾಕು. ಒಂದೊಂದು ಚೌಕದಲ್ಲಿ ಕಂಡದ್ದನ್ನು ಮಾತ್ರ ಬರೆ. ಮುಂಬಯಿಯಲ್ಲಿ ಸಿನಿಮಾ ಹೋರ್ಡಿಂಗ್ ಬರೆದು ಹೊಟ್ಟೆ ಹೊರೆಯುತ್ತಿದ್ದವರಲ್ಲಿ ಒಬ್ಬ ಮುಂದೆ ಎಂ.ಎಫ್. ಹುಸೇನ್ ಎಂದು ಲೋಕಕ್ಕೆಲ್ಲ ಗೊತ್ತಾದ. ಈಗ ಕೈಬರಹದ ಬ್ಯಾನರ್ ಜಾಗಕ್ಕೆ ಫ್ಲೆಕ್ಸ್ ಬಂದಿದೆ, ನಿಜ. ಆದರೆ ಫ್ಲೆಕ್ಸ್ ಯಂತ್ರಕ್ಕೆ ಶಂಕ್ರಣ್ಣನ ಮೇಲೆ ಅಭಿಮಾನ ಇದೆಯಾ? ನಾಲ್ಕು ರಾತ್ರಿ ನಿದ್ದೆಗೆಟ್ಟದ್ದು ಅದಲ್ಲವಲ್ಲ!

ಒಂದು ತಿಂಗಳ ಕರಾರು

ಎಂಟು ತಿಂಗಳು ಹೋಯಿತು, ಹೋಗಲಿ. ಇವತ್ತಿನಿಂದ ಒಂದು ತಿಂಗಳು ನಮಗೆ ಕೊಡು. ನೂರು ಪುಟದ ಒಂದು ನೋಟ್‌ಬುಕ್, ಒಂದು ಎಚ್‌ಬಿ, ಒಂದು 2ಬಿ ಪೆನ್ಸಿಲ್ ಸಾಕು. ದಿನಕ್ಕೆ ಹದಿನೈದೇ ನಿಮಿಷ. ಈ ಪತ್ರಿಕೆ ಕೊಂಡ ಬಸ್ ಸ್ಟ್ಯಾಂಡಿನಲ್ಲೇ ಕೂತುಕೋ. ಕಡ್ಲೆಕಾಯಿ ಮಾರುವವನು, ಮೂಟೆಯ ಮೇಲೆ ತೂಕಡಿಸುವ ಅಜ್ಜ, ಬಾಗಿಲಲ್ಲಿ ನೇತಾಡುವ ಕಂಡಕ್ಟರ್... ಒಬ್ಬೊಬ್ಬರಿಗೆ ಎರಡೆರಡು ನಿಮಿಷ. ಬಸ್ ಹೊರಟುಬಿಟ್ಟರೆ ಅರ್ಧಕ್ಕೇ ನಿಲ್ಲಿಸು, ಪರವಾಗಿಲ್ಲ. ರಬ್ಬರ್ ಮನೆಯಲ್ಲೇ ಇರಲಿ. ಭಾನುವಾರ ಮಾತ್ರ ಶಂಕ್ರಣ್ಣನ ಮುಖ, ಚೌಕ ಹಾಕಿ.

ಕರಾರು ಎರಡೇ. ತಿಂಗಳು ಮುಗಿಯುವವರೆಗೆ ಯಾರಿಗೂ ತೋರಿಸಬೇಡ. ಯಾವ ಹಾಳೆಯನ್ನೂ ಹರಿಯಬೇಡ, ಸುಡಬೇಡ. ಪ್ರತಿ ಹಾಳೆಯ ಕೆಳಗೆ ತಾರೀಖು ಹಾಕು. ಮೂವತ್ತನೆಯ ದಿನ ಮೊದಲ ಹಾಳೆಯನ್ನೂ ಕೊನೆಯ ಹಾಳೆಯನ್ನೂ ಅಕ್ಕಪಕ್ಕ ಇಟ್ಟು ನೋಡು. ಆ ಹೊತ್ತಿಗೆ ನಿನಗೆ ನಮ್ಮ ಮಾತೂ ಬೇಕಾಗಿಲ್ಲ, ಸ್ಟ್ಯಾಂಡಿನವರ ಮಾತೂ ಬೇಕಾಗಿಲ್ಲ.

ಒಂದು ತಿಂಗಳಿಗೆ ನೀನು ಲಕ್ಷ್ಮಣ್ ಆಗುತ್ತೀಯಾ ಅಂತ ಸುಳ್ಳು ಹೇಳುವುದಿಲ್ಲ. ಬರುವ ನವೆಂಬರ್ ಒಂದಕ್ಕೂ ಯಾರಾದರೂ "ಸೋದರಮಾವನಾ?" ಅಂದಾರು. ಅನ್ನಲಿ! "ಅಲ್ಲ ಗುರೂ, ಆದರೆ ಹೋದ ವರ್ಷಕ್ಕಿಂತ ಹತ್ತಿರದ ನೆಂಟ" ಅನ್ನು. ಆ ಚಿತ್ರವನ್ನೂ ಒಲೆಗೆ ಹಾಕಬೇಡ. ಹಿಂದೆ ತಾರೀಖು ಬರೆದು ಜೋಪಾನವಾಗಿ ಇಟ್ಟುಕೋ. ಮುಂದಿನ ವರ್ಷ ಹೋಲಿಸಿ ನೋಡಲು ಬೇಕಾಗುತ್ತದೆ.