ಜ್ವರ ಬಿಟ್ಟ ಮೇಲಿನ ಎರಡು ದಿನ: ಗಟ್ಟಿಮುಟ್ಟಾದ ಯುವಕರು ವೈರಾಣು ರೋಗಕ್ಕೆ ಬಲಿಯಾಗುವುದೇಕೆ?

ಕಳೆದ ಮಳೆಗಾಲದಲ್ಲಿ ಶ್ರೀಮಠದ ಹಳೆಯ ಭಕ್ತ ಮನೆತನವೊಂದರ 22 ವರ್ಷದ ಯುವಕನು ಡೆಂಗಿ ಜ್ವರದಿಂದ ಲಿಂಗೈಕ್ಯನಾದನು. ಗರಡಿಯಲ್ಲಿ ಪಳಗಿದ ಮೈ. ಊರಿನ ಜಾತ್ರೆಯ ಕುಸ್ತಿಯಲ್ಲಿ ಹೆಸರು ಮಾಡಿದ್ದವನು. ನಾಲ್ಕು ದಿನ ಜ್ವರ ಕಾಯ್ದು ಐದನೆಯ ದಿನ ಬೆಳಿಗ್ಗೆ ಬಿಟ್ಟಿತ್ತು. ಮನೆಯವರು ನೆಮ್ಮದಿಯ ಉಸಿರು ಬಿಟ್ಟಿದ್ದರು. ಮರುದಿನ ನಸುಕಿಗೆ ಎಲ್ಲವೂ ಮುಗಿದಿತ್ತು.

ಶಿವಗಣಾರಾಧನೆಯ ದಿನ ಆ ಮನೆಯ ಪಡಸಾಲೆಯಲ್ಲಿ ಕುಳಿತಿದ್ದಾಗ ಅವನ ಅಜ್ಜಿ ನನ್ನನ್ನು ಕೇಳಿದರು: “ಯಪ್ಪಾ, ಅದೇ ಜ್ವರ ನನಗೂ ಬಂದಿತ್ತು. ಎಂಬತ್ತು ದಾಟಿದಾಕಿ ನಾ ಎದ್ದು ಕುಂತೀನಿ. ಕುಸ್ತಿ ಆಡೋ ಹುಡುಗ ಹೆಂಗ ಹೋದ?” ಆ ತಾಯಿಗೆ ಉತ್ತರ ಹೇಳಲು ನನಗಾಗಲಿಲ್ಲ. ಆದರೆ ಅದೇ ಪಡಸಾಲೆಯ ಇನ್ನೊಂದು ಮೂಲೆಯಲ್ಲಿ ಕೆಲವರು ತಮ್ಮದೇ ಉತ್ತರವನ್ನು ಕಂಡುಕೊಂಡಿದ್ದರು. ತಾಯಿ ಆಸ್ಪತ್ರೆಗೆ ತಡವಾಗಿ ಕರೆದೊಯ್ದಳು ಎಂದು ಒಬ್ಬರೆಂದರೆ, ಮೂರು ತಿಂಗಳ ಹಿಂದೆ ಮದುವೆಯಾಗಿ ಬಂದ ಹಿರಿಯ ಮಗನ ಹೆಂಡತಿಯ ಕಾಲ್ಗುಣ ಸರಿಯಿಲ್ಲ ಎಂದು ಇನ್ನೊಬ್ಬರು ಪಿಸುಗುಟ್ಟಿದರು. ಒಳಮನೆಯಲ್ಲಿದ್ದ ಆ ಹೆಣ್ಣುಮಗಳಿಗೂ ಆ ಮಾತು ಕೇಳಿಸಿತ್ತು. ಈ ಲೇಖನವನ್ನು ಬರೆಯಲು ಅದೇ ಕಾರಣ. ಮಠದ ಭಕ್ತರಾದ ವೈದ್ಯರಿಂದ ಕೇಳಿ ತಿಳಿದದ್ದನ್ನೂ ಓದಿ ತಿಳಿದದ್ದನ್ನೂ ಸದ್ಭಕ್ತರ ಮುಂದಿಡುತ್ತಿದ್ದೇನೆ.

ರೋಗನಿರೋಧಕ ಶಕ್ತಿ ಹೆಚ್ಚಿದಷ್ಟೂ ಒಳ್ಳೆಯದೆಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ಅದು ಅರ್ಧ ಸತ್ಯ. ವೈರಾಣುವು ದೇಹವನ್ನು ಹೊಕ್ಕಾಗ ಸೋಂಕಿಗೆ ಒಳಗಾದ ಜೀವಕೋಶಗಳೂ ಬಿಳಿ ರಕ್ತಕಣಗಳೂ ಸೈಟೊಕೈನ್‌ಗಳೆಂಬ ರಾಸಾಯನಿಕ ಸಂದೇಶಗಳನ್ನು ಹೊರಡಿಸುತ್ತವೆ. ಮೈ ಕಾಯುವುದು, ಮೈಕೈ ನೋಯುವುದು, ನಿಶ್ಶಕ್ತಿ ಇವೆಲ್ಲ ಬಹುಮಟ್ಟಿಗೆ ಈ ಸಂದೇಶಗಳ ಫಲ. ವೈರಾಣುವಿನ ನೇರ ಏಟಲ್ಲ. ಕಾವಲುಪಡೆಯು ಸೋಂಕಿನ ಜಾಗವನ್ನು ತಲುಪಲೆಂದು ರಕ್ತನಾಳಗಳ ಗೋಡೆಗಳು ತುಸು ಸಡಿಲವಾಗುತ್ತವೆ. ಇದು ಹದವಾಗಿ ನಡೆದರೆ ರೋಗಿ ಒಂದು ವಾರದಲ್ಲಿ ಚೇತರಿಸಿಕೊಳ್ಳುತ್ತಾನೆ. ಹದ ತಪ್ಪಿದರೆ ದೇಹದ ಹೋರಾಟವೇ ದೇಹವನ್ನು ಗಾಸಿಗೊಳಿಸುತ್ತದೆ. ಕಳ್ಳನನ್ನು ಹಿಡಿಯಲು ಬಣವೆಗೆ ಬೆಂಕಿಯಿಟ್ಟಂತೆ.

ಇದು ಹೊಸ ಸಂಗತಿಯೇನಲ್ಲ. ಸಾಮಾನ್ಯವಾಗಿ ಇನ್‌ಫ್ಲುಯೆಂಜಾ ಜ್ವರವು ಹಸುಗೂಸುಗಳನ್ನೂ ವೃದ್ಧರನ್ನೂ ಹೆಚ್ಚಾಗಿ ಬಲಿ ತೆಗೆದುಕೊಳ್ಳುತ್ತದೆ. ಆದರೆ 1918ರ ಮಹಾಮಾರಿಯಲ್ಲಿ 20ರಿಂದ 40 ವರ್ಷದೊಳಗಿನ ದುಡಿಯುವ ವಯಸ್ಸಿನವರು ಅಸಾಧಾರಣ ಸಂಖ್ಯೆಯಲ್ಲಿ ಸತ್ತರು. ಮುಂಬಯಿ ಬಂದರಿನ ಮೂಲಕ ಒಳನಾಡಿಗೆ ಹರಡಿದ ಆ ಜ್ವರಕ್ಕೆ ಭಾರತದಲ್ಲಿಯೇ ಒಂದು ಕೋಟಿಗೂ ಮಿಕ್ಕಿ ಜನ ಬಲಿಯಾದರು. ವಿದ್ವಾಂಸರು ಇದಕ್ಕೆ ಒಂದಕ್ಕಿಂತ ಹೆಚ್ಚು ಕಾರಣಗಳನ್ನು ಮುಂದಿಡುತ್ತಾರೆ: ಯುವದೇಹಗಳ ಅತಿರೇಕದ ಪ್ರತಿಕ್ರಿಯೆ, ಜ್ವರದ ಬೆನ್ನಿಗೇ ಬಂದ ಬ್ಯಾಕ್ಟೀರಿಯಾಗಳ ನ್ಯುಮೋನಿಯಾ, ಅದೇ ಬಗೆಯ ವೈರಾಣುವನ್ನು ಹಿಂದೊಮ್ಮೆ ಕಂಡಿದ್ದ ಹಿರಿಯರಿಗೆ ದೊರೆತಿದ್ದ ರಕ್ಷಣೆ.

ಡೆಂಗಿಯ ಕಥೆ ಇನ್ನೂ ವಿಚಿತ್ರವಾದುದು. ಡೆಂಗಿ ವೈರಾಣುವಿನಲ್ಲಿ ನಾಲ್ಕು ಬಗೆಗಳಿವೆ. ಒಂದು ಬಗೆಯ ಜ್ವರ ಬಂದು ಹೋದರೆ ಆ ಬಗೆಯಿಂದ ದೀರ್ಘಕಾಲ ರಕ್ಷಣೆ ದೊರೆಯುತ್ತದೆ. ಉಳಿದ ಮೂರರಿಂದ ದೊರೆಯುವ ರಕ್ಷಣೆ ಕೆಲವೇ ತಿಂಗಳುಗಳದ್ದು. ಅನಂತರ ಬೇರೆ ಬಗೆಯ ವೈರಾಣು ಹೊಕ್ಕಾಗ, ಹಿಂದಿನ ಸಲ ತಯಾರಾಗಿದ್ದ ಪ್ರತಿಕಾಯಗಳು ಅದಕ್ಕೆ ಅಂಟಿಕೊಳ್ಳುತ್ತವೆಯೇ ಹೊರತು ಅದನ್ನು ನಿಷ್ಕ್ರಿಯಗೊಳಿಸಲಾರವು. ಬದಲಾಗಿ ವೈರಾಣುವು ಆ ಪ್ರತಿಕಾಯಗಳ ಕೈಹಿಡಿದೇ ಬಿಳಿ ರಕ್ತಕಣಗಳ ಒಳಗೆ ಸಲೀಸಾಗಿ ಪ್ರವೇಶಿಸಿ ಅಲ್ಲಿ ಬೆಳೆಯುತ್ತದೆ. ಹೀಗಾಗಿ ಎರಡನೆಯ ಸಲದ ಡೆಂಗಿ ಮೊದಲನೆಯದಕ್ಕಿಂತ ಉಗ್ರವಾಗುವ ಸಂಭವ ಹೆಚ್ಚು. ಮೊದಲ ಸಲದ ಸೋಂಕು ಎಷ್ಟೋ ಜನರಿಗೆ ಗೊತ್ತೇ ಆಗಿರುವುದಿಲ್ಲ. ಎರಡು ದಿನದ ನೆಗಡಿ-ಜ್ವರವೆಂದು ಮರೆತಿರುತ್ತಾರೆ. ಆ ಅಜ್ಜಿಗೆ ಬಂದದ್ದು ಯಾವ ಬಗೆಯೋ, ಮೊಮ್ಮಗನಿಗೆ ಅದು ಎಷ್ಟನೆಯ ಸಲವೋ, ಈಗ ಹೇಳುವವರಿಲ್ಲ. ವೃದ್ಧರಿಗೆ ಡೆಂಗಿಯಿಂದ ಅಪಾಯವಿಲ್ಲವೆಂದು ಇದರ ಅರ್ಥವಲ್ಲ; ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ ಇರುವ ಹಿರಿಯರಿಗೆ ಅಪಾಯ ಹೆಚ್ಚೇ ಇದೆ. ಒಂದೇ ಜ್ವರ, ಒಂದೇ ಮನೆ, ಆದರೂ ಎರಡು ಬೇರೆ ಫಲಗಳು ಬರಲು ಸಾಧ್ಯವೆಂಬುದಷ್ಟೇ ಇಲ್ಲಿನ ಮಾತು.

ಇನ್ನು ಜ್ವರ ಬಿಟ್ಟ ಮೇಲೆ ಸಾವು ಬಂದದ್ದೇಕೆ? ಭಕ್ತರು ಗಮನವಿಟ್ಟು ಓದಬೇಕಾದ ಭಾಗವಿದು. ಡೆಂಗಿಯಲ್ಲಿ ಅಪಾಯದ ಘಟ್ಟವು ಜ್ವರ ಏರಿದಾಗಲ್ಲ, ಇಳಿದಾಗ. ಸಾಮಾನ್ಯವಾಗಿ ಜ್ವರ ಆರಂಭವಾದ ಮೂರರಿಂದ ಏಳನೆಯ ದಿನದ ನಡುವೆ ಮೈ ತಣ್ಣಗಾಗುತ್ತದೆ. ಹೆಚ್ಚಿನವರು ಅಲ್ಲಿಂದಲೇ ಗುಣಮುಖರಾಗುತ್ತಾರೆ. ಕೆಲವರಲ್ಲಿ ಮಾತ್ರ ಅದೇ ಹೊತ್ತಿಗೆ ಲೋಮನಾಳಗಳು ಸೋರತೊಡಗಿ, ರಕ್ತದ ದ್ರವಭಾಗವು ಹೊಟ್ಟೆಯೊಳಗೂ ಶ್ವಾಸಕೋಶದ ಸುತ್ತಲೂ ಜಿನುಗುತ್ತದೆ. ಮೈಮೇಲೆ ಒಂದು ಹನಿ ರಕ್ತ ಕಾಣದಿದ್ದರೂ ನಾಳಗಳೊಳಗಿನ ದ್ರವ ಬರಿದಾಗುತ್ತ ಹೋಗುತ್ತದೆ. ಈ ಸೋರಿಕೆ 24ರಿಂದ 48 ಗಂಟೆಗಳ ಕಾಲ ಇರುತ್ತದೆ. ಅಷ್ಟು ಹೊತ್ತು ವೈದ್ಯರ ಕಣ್ಣಳತೆಯಲ್ಲಿದ್ದು, ಹಿಡಿತದಲ್ಲಿ ಡ್ರಿಪ್ ಏರಿಸಿದರೆ ಬಹುಪಾಲು ರೋಗಿಗಳು ಉಳಿಯುತ್ತಾರೆ.

ಯುವಕರ ದೇಹಬಲವೇ ಇಲ್ಲಿ ಅವರನ್ನು ಮೋಸಗೊಳಿಸುತ್ತದೆ. ರಕ್ತದ ದ್ರವ ಕಡಿಮೆಯಾದಂತೆ ಯೌವನದ ಹೃದಯವು ಇನ್ನಷ್ಟು ವೇಗವಾಗಿ ಬಡಿದುಕೊಳ್ಳುತ್ತದೆ. ಕೈಕಾಲುಗಳ ರಕ್ತನಾಳಗಳು ಬಿಗಿದುಕೊಂಡು ಮಿದುಳಿಗೂ ಹೃದಯಕ್ಕೂ ರಕ್ತವನ್ನು ಉಳಿಸಿಕೊಡುತ್ತವೆ. ಆದ್ದರಿಂದ ಹುಡುಗನು ಎದ್ದು ಕುಳಿತು ಮಾತನಾಡುತ್ತಾನೆ, ಮೊಬೈಲ್ ನೋಡುತ್ತಾನೆ, “ನನಗೇನೂ ಆಗಿಲ್ಲ, ಮನೆಗೆ ಹೋಗೋಣ” ಎನ್ನುತ್ತಾನೆ. ರಕ್ತದೊತ್ತಡದ ಮೇಲಿನ ಅಂಕಿಯೂ ಸರಿಯಾಗಿಯೇ ಕಾಣುತ್ತದೆ. ಕೆಳಗಿನ ಅಂಕಿ ಮಾತ್ರ ಮೇಲಕ್ಕೇರುತ್ತಿರುತ್ತದೆ. 100ಕ್ಕೆ 80 ಎಂದು ಬಂದಾಗ ಅನುಭವವಿಲ್ಲದವರು ಸಮಾಧಾನಪಡುತ್ತಾರೆ. ಅಂತರ 20ಕ್ಕೆ ಇಳಿದಿದೆಯೆಂದು ಬಲ್ಲವರು ಬೆಚ್ಚುತ್ತಾರೆ. ದೇಹದ ಈ ಹೊಂದಾಣಿಕೆ ಮುಗಿದಾಗ ಕುಸಿತವು ನಿಧಾನವಾಗಿ ಬರುವುದಿಲ್ಲ, ಒಮ್ಮೆಲೇ ಬರುತ್ತದೆ. “ಸಂಜೆ ಚೆನ್ನಾಗಿಯೇ ಮಾತನಾಡಿದ” ಎಂದು ಅವನ ತಾಯಿ ಮತ್ತೆ ಮತ್ತೆ ಹೇಳುತ್ತಿದ್ದುದರಲ್ಲಿ ಸುಳ್ಳೂ ಇಲ್ಲ, ಅಲಕ್ಷ್ಯವೂ ಇಲ್ಲ.

ಪ್ಲೇಟ್‌ಲೆಟ್ ಕುರಿತು ಒಂದು ಮಾತು. ಡೆಂಗಿ ಎಂದೊಡನೆ ನಮ್ಮ ಜನ ಆ ಸಂಖ್ಯೆಯೊಂದನ್ನೇ ಹಿಡಿದು ಕೂರುತ್ತಾರೆ. ಪಪ್ಪಾಯಿ ಎಲೆಯ ರಸಕ್ಕಾಗಿ ಊರೆಲ್ಲ ಅಲೆಯುತ್ತಾರೆ. ಆದರೆ ಯುವಕರ ಸಾವಿಗೆ ಬಹಳ ಸಲ ಕಾರಣವಾಗುವುದು ಮೇಲೆ ಹೇಳಿದ ಸೋರಿಕೆ. ಅದನ್ನು ತಿಳಿಸುವುದು ರಕ್ತ ಗಟ್ಟಿಯಾಗುತ್ತಿರುವುದನ್ನು ತೋರುವ ಹೆಮಟೊಕ್ರಿಟ್ ಎಂಬ ಇನ್ನೊಂದು ಅಂಕಿ. ರಕ್ತಸ್ರಾವವಿಲ್ಲದ ರೋಗಿಗೆ ಕೇವಲ ಸಂಖ್ಯೆ ಇಳಿಯಿತೆಂದು ಪ್ಲೇಟ್‌ಲೆಟ್ ಏರಿಸುವುದರಿಂದ ಪ್ರಯೋಜನ ಕಂಡುಬಂದಿಲ್ಲ. ವೈದ್ಯರ ಮೇಲೆ ಅದಕ್ಕಾಗಿ ಒತ್ತಡ ಹೇರುವ ಬಂಧುಗಳನ್ನು ನಾನೇ ಕಂಡಿದ್ದೇನೆ.

ಡೆಂಗಿಯೊಂದೇ ಅಲ್ಲ. ಸಾಮಾನ್ಯ ಜ್ವರ, ಭೇದಿ ತರುವ ಕೆಲವು ವೈರಾಣುಗಳು ಅಪರೂಪಕ್ಕೆ ಹೃದಯದ ಸ್ನಾಯುವಿಗೆ ತಗಲಿ ಉರಿಯೂತವನ್ನು ಉಂಟುಮಾಡುತ್ತವೆ. ಆಗ ಹೃದಯದ ಬಡಿತದ ಲಯ ತಪ್ಪಿ, ಆಟದ ಮೈದಾನದಲ್ಲಿಯೇ ಕುಸಿದು ಬೀಳುವುದುಂಟು. ಜ್ವರವಿರುವಾಗ ಬೆವರು ಹರಿಸಿದರೆ ಜ್ವರ ಬಿಡುತ್ತದೆಂದು ಸಾಮು ತೆಗೆಯುವ ಹುಡುಗರಿಗೆ ಇದನ್ನು ಒತ್ತಿ ಹೇಳಬೇಕು. ಜ್ವರದ ನಂತರ ಎದೆನೋವು, ಏದುಸಿರು, ಎದೆ ಡವಗುಟ್ಟುವುದು ಕಂಡರೆ ಗರಡಿಗೆ ಹೋಗದೆ ವೈದ್ಯರಲ್ಲಿಗೆ ಹೋಗಬೇಕು.

ಕೆಲವರಲ್ಲಿ ಕಣ್ಣಿಗೆ ಕಾಣದ ಕೊರತೆಯೊಂದು ಹುಟ್ಟಿನಿಂದಲೇ ಇರುತ್ತದೆ. 2020ರಲ್ಲಿ ಪ್ರಕಟವಾದ ಅಂತಾರಾಷ್ಟ್ರೀಯ ಅಧ್ಯಯನವೊಂದರಲ್ಲಿ, ಕೋವಿಡ್‌ನಿಂದ ಪ್ರಾಣಾಪಾಯದ ನ್ಯುಮೋನಿಯಾಕ್ಕೆ ತುತ್ತಾದ 659 ರೋಗಿಗಳ ಪೈಕಿ 23 ಮಂದಿಯಲ್ಲಿ, ಅಂದರೆ ಶೇಕಡಾ 3.5ರಷ್ಟು ಜನರಲ್ಲಿ, ಇಂಟರ್‌ಫೆರಾನ್ ಎಂಬ ಮೊದಲ ಸಾಲಿನ ರಕ್ಷಣೆಗೆ ಸಂಬಂಧಿಸಿದ ವಂಶವಾಹಿಗಳಲ್ಲಿ ದೋಷ ಕಂಡುಬಂದಿತು. ಅದಕ್ಕೆ ಮೊದಲು ಅವರಾರಿಗೂ ಯಾವ ವೈರಾಣುವೂ ಇಷ್ಟು ದೊಡ್ಡ ಕಾಯಿಲೆ ತಂದಿರಲಿಲ್ಲ. ಹೆತ್ತವರಿಗೆ, ಸ್ವತಃ ಅವರಿಗೆ, ಊರ ವೈದ್ಯರಿಗೆ ಇದು ತಿಳಿಯುವ ದಾರಿಯೇ ಇರಲಿಲ್ಲ. ಮನೆಗೆ ಬಂದ ಸೊಸೆಯ ಹೆಜ್ಜೆಗೂ ಇದಕ್ಕೂ ಏನು ಸಂಬಂಧ? ಬಸವಾದಿ ಶರಣರ ಹೆಸರು ಹೇಳುವ ನಾವು ಸಾವಿನ ಮನೆಯಲ್ಲಿ ಕಾಲ್ಗುಣದ ಮಾತನ್ನಾಡಿದರೆ, ಮಗನನ್ನು ಕಳೆದುಕೊಂಡ ಮನೆಯಲ್ಲಿ ಇನ್ನೊಂದು ಜೀವವನ್ನು ಬದುಕಿರುವಾಗಲೇ ಕೊಂದಂತೆ.

ಹಾಗಾದರೆ ನಾವು ನೋಡಬೇಕಾದುದು ಏನನ್ನು? ಜ್ವರ ಇಳಿದ ಮೇಲೆ ಹೊಟ್ಟೆ ತೀವ್ರವಾಗಿ ನೋಯುವುದು, ವಾಂತಿ ನಿಲ್ಲದಿರುವುದು, ವಸಡು-ಮೂಗಿನಿಂದ ರಕ್ತ ಬರುವುದು, ಮಲ ಕಪ್ಪಾಗುವುದು, ವಿಪರೀತ ಸುಸ್ತು ಅಥವಾ ಚಡಪಡಿಕೆ, ಅಂಗೈ ಅಂಗಾಲು ತಣ್ಣಗಾಗುವುದು, ಆರು ಗಂಟೆಯಾದರೂ ಮೂತ್ರ ಬಾರದಿರುವುದು. ಇವುಗಳಲ್ಲಿ ಒಂದೇ ಕಂಡರೂ ಬೆಳಗಾಗಲಿ ಎಂದು ಕಾಯಬಾರದು. ಡೆಂಗಿಯ ಶಂಕೆಯಿದ್ದಾಗ ಪ್ಯಾರಾಸಿಟಮಾಲ್ ಹೊರತು ಬೇರೆ ನೋವಿನ ಗುಳಿಗೆ ಬೇಡ. ಆಸ್ಪಿರಿನ್, ಐಬುಪ್ರೊಫೆನ್‌ಗಳು ರಕ್ತಸ್ರಾವವನ್ನು ಹೆಚ್ಚಿಸಬಲ್ಲವು. ಗಂಜಿ, ಮಜ್ಜಿಗೆ, ಎಳನೀರು, ಓಆರ್‌ಎಸ್ ಕೊಡುತ್ತಿರಬೇಕು. ಡೆಂಗಿಯನ್ನು ಹರಡುವ ಈಡಿಸ್ ಸೊಳ್ಳೆ ಹಗಲಿನಲ್ಲಿ ಕಚ್ಚುತ್ತದೆ, ಚರಂಡಿಗಿಂತ ಮನೆಯ ತಿಳಿನೀರಿನಲ್ಲಿ ಮೊಟ್ಟೆಯಿಡುತ್ತದೆ. 2024ರಲ್ಲಿ ರಾಜ್ಯ ಸರ್ಕಾರವು ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡವನ್ನೂ ಗೊತ್ತುಪಡಿಸಿತು. ದಂಡದ ಭಯಕ್ಕಲ್ಲವಾದರೂ ಬಾನಿ, ಡ್ರಮ್ಮು, ಸಿಮೆಂಟ್ ತೊಟ್ಟಿಗಳನ್ನು ವಾರಕ್ಕೊಮ್ಮೆ ಬರಿದು ಮಾಡಿ ತಿಕ್ಕಿ ತೊಳೆದು ಮುಚ್ಚಬೇಕು.

ಶ್ರೀಮಠದ ಪ್ರಸಾದ ನಿಲಯದಲ್ಲಿ ಜ್ವರ ಬಿಟ್ಟ ವಿದ್ಯಾರ್ಥಿಯನ್ನು ಅಂದೇ ಊರಿಗೆ ಕಳುಹಿಸುವ ರೂಢಿಯಿತ್ತು. ಅನೇಕ ಸಲ ನಾನೇ ಬಸ್ಸಿನ ಚಾರ್ಜು ಕೊಟ್ಟು ಕಳುಹಿಸಿದ್ದೇನೆ; ಈಗ ನೆನೆದರೆ ಎದೆ ನಡುಗುತ್ತದೆ. ಈ ವರ್ಷದಿಂದ ಆ ರೂಢಿಯನ್ನು ನಿಲ್ಲಿಸಲಾಗಿದೆ. ಜ್ವರ ಬಂದ ದಿನ, ಬಿಟ್ಟ ದಿನ, ಕುಡಿದ ನೀರು, ಮೂತ್ರಕ್ಕೆ ಹೋದ ಹೊತ್ತು ಇವನ್ನು ಬರೆದಿಡಲು ಒಂದು ಪುಸ್ತಕವನ್ನು ಇಡಲಾಗಿದೆ. ಜ್ವರ ಬಿಟ್ಟ ಮೇಲೆ ಎರಡು ದಿನ ವಿದ್ಯಾರ್ಥಿಯು ಕಚೇರಿಯ ಪಕ್ಕದ ಕೋಣೆಯಲ್ಲಿಯೇ ಇರುತ್ತಾನೆ. ರಾತ್ರಿ ಎರಡು ಸಲ ಎಬ್ಬಿಸಿ ಅಂಗೈ ಮುಟ್ಟಿ ನೋಡುತ್ತೇವೆ. ಪಾಲಕರು “ಜ್ವರ ಬಿಟ್ಟಿದೆಯಲ್ಲ, ಕಳುಹಿಸಿಕೊಡಿ” ಎಂದು ದೂರವಾಣಿಯಲ್ಲಿ ಒತ್ತಾಯಿಸಬಾರದಾಗಿ ವಿನಂತಿ.