ಮೂರು ಬೈಟಿನ ಗುರುತು

ಜೋಯಿಡಾ ಕಡೆ ಮಳೆಗಾಲದಲ್ಲಿ ತಂತಿಯ ಮೇಲೆ ಮರ ಬಿದ್ದರೆ ಕರೆಂಟ್ ಹೋಗುತ್ತದೆ. ಅದೇ ಹೊತ್ತಿಗೆ ಮನೆಯ ವೈಫೈ ರೌಟರ್ ತನ್ನ ಸಾಫ್ಟ್‌ವೇರ್ ಬದಲಿಸಿಕೊಳ್ಳುತ್ತಿತ್ತು ಎಂದುಕೊಳ್ಳಿ. ಕರೆಂಟ್ ಬಂದ ಮೇಲೆ ಪವರ್ ದೀಪವೊಂದೇ ಉರಿಯುತ್ತದೆ, ಉಳಿದವು ಕಣ್ಣು ಬಿಡುವುದಿಲ್ಲ. ಹಾಳಾಗಿದ್ದು ರೌಟರ್ ಅಲ್ಲ, ಅದರ ನೆನಪು.

ಡಬ್ಬಿ ಬಿಚ್ಚಿದರೆ ಪ್ರೊಸೆಸರ್ ಪಕ್ಕದಲ್ಲಿ ಎಂಟು ಕಾಲಿನ ಕರಿಯ ಚಿಪ್ ಕಾಣುತ್ತದೆ, ಹುಣಸೆ ಬೀಜಕ್ಕಿಂತ ಚಿಕ್ಕದು. ಇದೇ ಸೀರಿಯಲ್ ಫ್ಲ್ಯಾಶ್. ಹಳ್ಳದ ಸಂಕದ ಮೇಲೆ ಜನ ಒಬ್ಬರ ಹಿಂದೊಬ್ಬರು ದಾಟುವ ಹಾಗೆ ಇದರ ಮಾಹಿತಿ ಒಂದೇ ತಂತಿಯಲ್ಲಿ ಬಿಟ್ ಬಿಟ್ಟಾಗಿ ಸಾಗುತ್ತದೆ. ಫ್ಲ್ಯಾಶ್ ಮೆಮೊರಿಯನ್ನು 1984ರಲ್ಲಿ ಲೋಕಕ್ಕೆ ತೋರಿಸಿದವರು ತೋಷಿಬಾದ ಫುಜಿಯೊ ಮಸುಒಕಾ.

ಇದರ ಬರವಣಿಗೆಯ ರೀತಿಯೇ ಬೇರೆ. ಪಾಟಿಯ ಮೇಲೆ ಒಂದಕ್ಷರ ತಪ್ಪಾದರೆ ಅದೊಂದನ್ನೇ ಒರೆಸಬಹುದು. ಇಲ್ಲಿ ಕನಿಷ್ಠ 4,096 ಬೈಟುಗಳನ್ನು ಒಟ್ಟಿಗೆ ಒರೆಸಬೇಕು, ಆಮೇಲೆ ಒಂದು ಸಲಕ್ಕೆ 256 ಬೈಟಿನಂತೆ ಬರೆಯಬೇಕು. ಒರೆಸಿದ್ದಕ್ಕೂ ಬರೆದಿದ್ದಕ್ಕೂ ನಡುವೆ ಕರೆಂಟ್ ಹೋದರೆ ಪಾಟಿ ಖಾಲಿ.

ಈ ಚಿಪ್ಪನ್ನು ಆಪರೇಟಿಂಗ್ ಸಿಸ್ಟಮ್ ಹೇಗೆ ಪರಿಚಯ ಮಾಡಿಕೊಳ್ಳುತ್ತದೆ ಎಂಬುದು ನನಗೆ ಬಹಳ ಇಷ್ಟದ ವಿಷಯ. ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮಿನಲ್ಲಿ ಚಿಪ್ಪಿನ ಜೊತೆ ಮಾತಾಡುವ ಪ್ರೋಗ್ರಾಮ್, ಅಂದರೆ ಡ್ರೈವರ್, ಮೊದಲು 9ಎಫ್ ಎಂಬ ಆದೇಶ ಕಳಿಸುತ್ತದೆ: ‘ನೀನು ಯಾರು?’ ಚಿಪ್ ಮೂರು ಬೈಟಿನಲ್ಲಿ ಉತ್ತರಿಸುತ್ತದೆ. ಉದಾಹರಣೆಗೆ ಇಎಫ್, 40, 18. ಇಎಫ್ ಎಂದರೆ ವಿನ್‌ಬಾಂಡ್ ಕಂಪನಿ, 40 ಅದರ ಕುಲ. ಕೊನೆಯ 18 ಹದಿನಾರರ ಲೆಕ್ಕದ್ದು, ನಮ್ಮ ಲೆಕ್ಕದಲ್ಲಿ 24. ಎರಡನ್ನು 24 ಸಲ ಗುಣಿಸಿದರೆ 16 ಎಂಬಿ, ಅದೇ ಚಿಪ್ಪಿನ ಅಳತೆ.

ಡ್ರೈವರ್ ಈ ಗುರುತನ್ನು ತನ್ನ ಪಟ್ಟಿಯಲ್ಲಿ ಹುಡುಕುತ್ತದೆ. ರಿಪೇರಿಯವರು ಅಷ್ಟೇ ಅಳತೆಯ ಬೇರೆ ಕಂಪನಿಯ ಚಿಪ್ ಕೂರಿಸಿದಾಗ ಬೆಸುಗೆ ಸರಿಯಿದ್ದರೂ ರೌಟರ್ ಏಳದಿರುವುದಕ್ಕೆ ಒಂದು ಕಾರಣ ಇದು: ಹಳೆಯ ಡ್ರೈವರಿನ ಪಟ್ಟಿಯಲ್ಲಿ ಹೊಸಬನ ಹೆಸರಿಲ್ಲ. 2011ರಲ್ಲಿ ಬಂದ ಒಂದು ಮಾನದಂಡದ ಪ್ರಕಾರ ಚಿಪ್ಪುಗಳು ತಮ್ಮ ಜಾತಕವನ್ನು ತಮ್ಮೊಳಗೇ ಬರೆದಿಟ್ಟುಕೊಳ್ಳತೊಡಗಿದವು. ಕೆಲವು ಜಾತಕಗಳಲ್ಲೂ ತಪ್ಪುಗಳಿವೆ. ಅವನ್ನು ತಿದ್ದುವ ಸಾಲುಗಳು ಲಿನಕ್ಸಿನಲ್ಲಿವೆ. ಮ್ಯಾಕ್ರೋನಿಕ್ಸ್ ಕಂಪನಿಯ 25635ಇ ಮತ್ತು 25635ಎಫ್ ಚಿಪ್ಪುಗಳ ಗುರುತಂತೂ ಒಂದೇ, ಗುಣ ಬೇರೆ. ಜಾತಕ ನೋಡಿಯೇ ಬಿಡಿಸಬೇಕು.

ರೌಟರ್ ಕೈಕೊಟ್ಟಾಗ ‘ಪ್ಲಗ್ ತೆಗೆದು ಹಾಕಿ’ ಎನ್ನುತ್ತೇವಲ್ಲ, ಅದರ ಹಿಂದೆಯೂ ಕೆಲವೊಮ್ಮೆ ಈ ಚಿಪ್ ಇರುತ್ತದೆ. ಚಿಪ್ಪಿನೊಳಗಿನ ಜಾಗ ಹೇಳುವ ಮೂರು ಬೈಟಿನ ವಿಳಾಸಕ್ಕೆ 16 ಎಂಬಿ ತನಕ ಮಾತ್ರ ಕೈ ಎಟಕುತ್ತದೆ. 32 ಎಂಬಿ ಚಿಪ್ಪಿಗೆ ನಾಲ್ಕನೆಯ ಬೈಟ್ ಬೇಕು. ಡ್ರೈವರ್ ಚಿಪ್ಪನ್ನು ನಾಲ್ಕರ ರೂಢಿಗೆ ಬದಲಿಸಿಟ್ಟಾಗ ರೌಟರ್ ತಾನಾಗಿ ರೀಸ್ಟಾರ್ಟ್ ಆಯಿತು ಅನ್ನಿ. ರೌಟರನ್ನು ಎಬ್ಬಿಸುವ ಬೂಟ್ ಪ್ರೋಗ್ರಾಮಿಗೆ ಹಳೆಯ ಮೂರರ ರೂಢಿ. ಅದು ಮೂರು ಬೈಟ್ ಹೇಳಿ ಉತ್ತರ ಓದತೊಡಗುತ್ತದೆ, ಚಿಪ್ ಇನ್ನೂ ನಾಲ್ಕನೆಯದಕ್ಕೆ ಕಾಯುತ್ತಿರುತ್ತದೆ. ಪ್ಲಗ್ ಕಿತ್ತರೆ ಚಿಪ್ ಮೊದಲಿನ ರೂಢಿಗೆ ಮರಳುತ್ತದೆ. ರೂಢಿ ಬದಲಿಸದೆ, ನಾಲ್ಕು ಬೈಟಿನ ವಿಳಾಸವನ್ನೇ ಕೇಳುವ ಪ್ರತ್ಯೇಕ ಆದೇಶಗಳನ್ನು ಬಳಸುವುದು ಸರಿಯಾದ ದಾರಿ. ಚಿಪ್ ಅದಕ್ಕೆ ಒಗ್ಗುತ್ತದೆಯೇ ಎಂದು ಡ್ರೈವರ್ ಮೊದಲೇ ತಿಳಿದುಕೊಂಡಿರಬೇಕು.

ಇಂಥ ಡ್ರೈವರ್ ಬರೆಯುವುದು ದೂರದವರ ಕೆಲಸವೇನಲ್ಲ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲೇ ಬೆಂಗಳೂರಿಗೆ ಬಂತು. ಆ ಕಂಪನಿಯ ಭಾರತದ ಇಂಜಿನಿಯರುಗಳು ಲಿನಕ್ಸಿನ ಈ ಭಾಗಕ್ಕೆ ಕೋಡ್ ಬರೆದಿದ್ದಾರೆ.

ದಾಂಡೇಲಿ, ಹಳಿಯಾಳ, ಮುಂಡಗೋಡಗಳಲ್ಲಿ ರಿಪೇರಿ ಅಂಗಡಿ ಇಟ್ಟ ಹುಡುಗರಿಗೆ ನನ್ನದೊಂದು ಕೋರಿಕೆ. ಸತ್ತ ರೌಟರನ್ನು ಗುಜರಿಗೆ ಹಾಕಬೇಡಿ. ಚಿಪ್ಪಿನ ಎಂಟು ಕಾಲಿಗೂ ಕಚ್ಚುವ ಕ್ಲಿಪ್ ಮತ್ತು ಅಗ್ಗದ ಪ್ರೋಗ್ರಾಮರ್ ಸಾಧನ ಇದ್ದರೆ ಎಷ್ಟೋ ರೌಟರುಗಳು ಏಳುತ್ತವೆ. ಚಿಪ್ಪಿನದು 3.3 ವೋಲ್ಟೋ 1.8 ವೋಲ್ಟೋ ನೋಡಿಕೊಳ್ಳಿ. ಬರೆಯುವ ಮೊದಲು ಒಳಗಿರುವುದನ್ನೆಲ್ಲ ಓದಿ ಒಂದು ಪ್ರತಿ ತೆಗೆದಿಡಿ. ನೆಟ್‌ವರ್ಕಿನಲ್ಲಿ ಆ ರೌಟರಿನ ಸ್ವಂತ ವಿಳಾಸವೂ ಅದರ ವೈಫೈ ಅಳತೆಗಳೂ ಸಾಮಾನ್ಯವಾಗಿ ಅದೇ ಚಿಪ್ಪಿನಲ್ಲಿರುತ್ತವೆ. ಒರೆಸಿದರೆ ಇನ್ನೊಂದು ರೌಟರಿನಿಂದ ಅವು ಸಿಗುವುದಿಲ್ಲ.