ಬ್ಯಾಟರಿ ಬದಲಿಸುವ ಮುನ್ನ

ಬೆಂಗಳೂರಿನಲ್ಲಿ ವಾಹನದ ಬಿಡಿಭಾಗ ಬೇಕೆಂದರೆ ಮೊದಲು ನೆನಪಾಗುವುದು ಜೆ.ಸಿ. ರಸ್ತೆ. ಒಂದು ತುದಿಗೆ ಮಿನರ್ವ ವೃತ್ತ, ಇನ್ನೊಂದು ತುದಿಗೆ 1935ರಲ್ಲಿ ಉದ್ಘಾಟನೆಯಾದ ಪುಟ್ಟಣ್ಣ ಚೆಟ್ಟಿ ಪುರಭವನ. ನಡುವೆ ಹಾರ್ನು, ಬೇರಿಂಗು, ಕ್ಲಚ್ ಪ್ಲೇಟು, ಸೀಟ್ ಕವರುಗಳ ಸಾಲು ಸಾಲು ಅಂಗಡಿ. ಅಲ್ಲಿಂದ ಕಲಾಸಿಪಾಳ್ಯ, ಚಾಮರಾಜಪೇಟೆಯ ಕಡೆಗೆ ಹೊರಳಿದರೆ ಆಟೊ ಎಲೆಕ್ಟ್ರಿಷಿಯನ್‌ಗಳ ಲೋಕ. ಬಾಗಿಲಲ್ಲಿ ಚಾರ್ಜಿಗಿಟ್ಟ ಬ್ಯಾಟರಿಗಳು, ಒಳಗೆ ತಾಮ್ರದ ತಂತಿಯ ಸುರುಳಿಗಳು, ಬೋರ್ಡಿನ ಮೇಲೆ ‘ಸೆಲ್ಫ್, ಡೈನಮೊ, ವೈರಿಂಗ್’ ಎಂಬ ಮೂರು ಪದ. ಕರೆಂಟು ಎಲ್ಲಿ ಹುಟ್ಟುತ್ತಿಲ್ಲ, ಎಲ್ಲಿ ಸೋರಿಹೋಗುತ್ತಿದೆ ಎಂದು ಹುಡುಕಿ ಹೇಳುವುದು ಇವರ ಕಸುಬು.

ಬೆಳಿಗ್ಗೆ ಗಾಡಿ ಸ್ಟಾರ್ಟ್ ಆಗದಿದ್ದರೆ ನಾವು ಬೈಯುವುದು ಬ್ಯಾಟರಿಯನ್ನು. ಹೊಸದು ಹಾಕಿಸುತ್ತೇವೆ. ತಿಂಗಳೊಳಗೆ ಅದೂ ಕೈಕೊಡುತ್ತದೆ. ಮನೆ ಮೇಲಿನ ನೀರಿನ ಟ್ಯಾಂಕ್ ಖಾಲಿಯಾದರೆ ಯಾರೂ ಹೊಸ ಟ್ಯಾಂಕ್ ತರುವುದಿಲ್ಲ, ಮೋಟಾರು ನೀರೆತ್ತುತ್ತಿದೆಯೇ ಎಂದು ನೋಡುತ್ತಾರೆ. ಬ್ಯಾಟರಿಯ ವಿಷಯದಲ್ಲಿ ಮಾತ್ರ ಈ ವಿವೇಕ ಮರೆತುಹೋಗುತ್ತದೆ.

ಕರೆಂಟು ಹುಟ್ಟುವ ಬಗೆ

ಬೈಕಿನ ಎಂಜಿನ್ನಿನ ಪಕ್ಕದ ಕವರ್ ಬಿಚ್ಚಿದರೆ ಒಳಗೋಡೆಗೆ ಅಯಸ್ಕಾಂತ ಅಂಟಿಸಿದ ಒಂದು ಚಕ್ರ ಕಾಣುತ್ತದೆ. ಅದರೊಳಗೆ ಅಲುಗಾಡದೆ ಕೂತಿರುವುದು ತಾಮ್ರದ ತಂತಿ ಸುತ್ತಿದ ಕಾಯಿಲ್. ಚಕ್ರ ತಿರುಗಿದಂತೆ ಕಾಯಿಲಿನಲ್ಲಿ ಎಸಿ ಕರೆಂಟು ಹುಟ್ಟುತ್ತದೆ. ಬ್ಯಾಟರಿಗೆ ಬೇಕಾದದ್ದು ಡಿಸಿ. ಈ ಪರಿವರ್ತನೆ ಮಾಡಿ, ವೋಲ್ಟೇಜು ಮಿತಿ ಮೀರದಂತೆ ಕಾಯುವುದು ರೆಗ್ಯುಲೇಟರ್-ರೆಕ್ಟಿಫೈಯರ್. ಮೆಕ್ಯಾನಿಕ್‌ಗಳ ಬಾಯಲ್ಲಿ ಇದು ‘ಆರ್‌ಆರ್ ಯೂನಿಟ್’.

ಕರಾವಳಿಯ ನಾಡದೋಣಿಗಳ ಹಿಂಬದಿಗೆ ಕಟ್ಟುವ ಔಟ್‌ಬೋರ್ಡ್ ಎಂಜಿನ್ನಿನಲ್ಲೂ ಮೂಲ ರಚನೆ ಇದೇ. ಹಗ್ಗ ಎಳೆದು ಸ್ಟಾರ್ಟ್ ಮಾಡುವ ಸಣ್ಣ ಎಂಜಿನ್ನಿಗೆ ಬ್ಯಾಟರಿ ಇಲ್ಲದೆಯೂ ನಡೆಯುತ್ತದೆ. ಸೆಲ್ಫ್ ಇರುವ ಎಂಜಿನ್ನಿನಲ್ಲಿ ಮೇಲಿನ ಫ್ಲೈವೀಲ್‌ನೊಳಗೆ ಅಯಸ್ಕಾಂತ, ಅದರಡಿ ಕಾಯಿಲ್, ಪಕ್ಕದಲ್ಲಿ ರೆಕ್ಟಿಫೈಯರ್. ಮಲ್ಪೆಯ ಮೆಕ್ಯಾನಿಕ್ ಮಾಡುವ ಪರೀಕ್ಷೆಗೂ ಚಾಮರಾಜಪೇಟೆಯವನು ಮಾಡುವ ಪರೀಕ್ಷೆಗೂ ವ್ಯತ್ಯಾಸ ಸ್ವಲ್ಪವೇ. ದಡದಲ್ಲಿ ಎಂಜಿನ್ ಓಡಿಸಬೇಕಾದರೆ ಅದರ ಬುಡವನ್ನು ನೀರು ತುಂಬಿದ ಡ್ರಮ್ಮಿನಲ್ಲಿ ಮುಳುಗಿಸಬೇಕು, ಇಲ್ಲವಾದರೆ ತಂಪು ಮಾಡುವ ನೀರಿಲ್ಲದೆ ಎಂಜಿನ್ ಕೆಟ್ಟೀತು. ಜೊತೆಗೆ, ಉಪ್ಪುನೀರು ಟರ್ಮಿನಲ್‌ಗಳನ್ನು ಬೇಗ ತಿನ್ನುತ್ತದೆ.

ಮೀಟರು ಹೇಳುವ ಮಾತು

ಒಳ್ಳೆಯ ಎಲೆಕ್ಟ್ರಿಷಿಯನ್ ಕೈ ಮೊದಲು ಹೋಗುವುದು ಬ್ಯಾಟರಿಯ ಟರ್ಮಿನಲ್ ಕಡೆಗೆ. ಸಡಿಲವಾಗಿದೆಯೇ, ಬಿಳಿ-ಹಸಿರು ಪುಡಿ ಕಟ್ಟಿದೆಯೇ, ಅರ್ತ್ ವೈರು ಚಾಸಿಗೆ ಗಟ್ಟಿಯಾಗಿ ಕೂತಿದೆಯೇ ಎಂದು ನೋಡುತ್ತಾನೆ. ಎಷ್ಟೋ ದೂರುಗಳು ಒಂದು ಸ್ಪ್ಯಾನರ್, ಒಂದು ಉಪ್ಪುಕಾಗದದಲ್ಲೇ ಮುಗಿದುಹೋಗುತ್ತವೆ.

ಆಮೇಲೆ ಮಲ್ಟಿಮೀಟರ್. ಕೆಲವು ಗಂಟೆ ಸುಮ್ಮನಿದ್ದ 12 ವೋಲ್ಟಿನ ಬ್ಯಾಟರಿ ಪೂರ್ತಿ ಚಾರ್ಜ್ ಆಗಿದ್ದರೆ ಸುಮಾರು 12.6 ವೋಲ್ಟ್ ತೋರಿಸುತ್ತದೆ. 12ಕ್ಕಿಂತ ಕೆಳಗಿದ್ದರೆ ಅದು ಬಹುತೇಕ ಖಾಲಿ. ಖಾಲಿ ಬ್ಯಾಟರಿ ಇಟ್ಟುಕೊಂಡು ಚಾರ್ಜಿಂಗ್ ಪರೀಕ್ಷಿಸಿದರೆ ಸಿಗುವ ಅಂಕಿ ನಂಬುವಂತಿರುವುದಿಲ್ಲ. ಹಾಗಾಗಿ ಮೊದಲು ಅದನ್ನು ಹೊರಗಿನಿಂದ ಚಾರ್ಜ್ ಮಾಡುತ್ತಾರೆ. ಆಮೇಲೆ ಎಂಜಿನ್ ಸ್ಟಾರ್ಟ್ ಮಾಡಿ, ಹೆಡ್‌ಲೈಟ್ ಉರಿಯುತ್ತಿರುವಾಗಲೇ ನಿಧಾನಕ್ಕೆ ಆಕ್ಸಿಲರೇಟರ್ ತಿರುಗಿಸುತ್ತಾರೆ. ಅಂಕಿ 13.5ರಿಂದ 14.5ರ ನಡುವೆ ಏರಿ ನಿಂತರೆ ಎಲ್ಲವೂ ಸರಿ. 12.6ರಲ್ಲೇ ನಿಂತರೆ, ಅಥವಾ ಇಳಿದರೆ, ಚಾರ್ಜಿಂಗ್ ಬರುತ್ತಿಲ್ಲ. 15 ದಾಟಿದರೆ ರೆಗ್ಯುಲೇಟರ್ ಕೈಕೊಟ್ಟಿದೆ. ಬ್ಯಾಟರಿ ಕುದಿಯುತ್ತದೆ, ಬಲ್ಬುಗಳು ಸುಟ್ಟುಹೋಗುತ್ತವೆ.

ಚಾರ್ಜಿಂಗ್ ಬರುತ್ತಿಲ್ಲವೆಂದಾದರೆ ತಪ್ಪು ಕಾಯಿಲಿನದೋ ಆರ್‌ಆರ್ ಯೂನಿಟಿನದೋ? ಹಲವು ಬೈಕುಗಳಲ್ಲಿ ಕಾಯಿಲಿನಿಂದ ಮೂರು ಹಳದಿ ವೈರು ಬರುತ್ತವೆ. ಸಾಕೆಟ್ ಬಿಚ್ಚಿ, ಎಂಜಿನ್ ಓಡುತ್ತಿರುವಾಗ ಎರಡೆರಡು ವೈರಿನ ನಡುವೆ ಎಸಿ ವೋಲ್ಟೇಜು ನೋಡಬೇಕು. ಮೂರು ಜೋಡಿಯಲ್ಲೂ ಅಂಕಿ ಹೆಚ್ಚುಕಡಿಮೆ ಒಂದೇ ಇದ್ದು, ವೇಗದ ಜೊತೆಗೆ ಏರುತ್ತಿದ್ದರೆ ಕಾಯಿಲ್ ಗಟ್ಟಿಯಾಗಿದೆ. ಒಂದು ಜೋಡಿ ಹಿಂದೆ ಬಿದ್ದರೆ ಸುತ್ತಿನಲ್ಲೇ ದೋಷ. ಎಂಜಿನ್ ನಿಲ್ಲಿಸಿ ಯಾವುದೇ ಹಳದಿ ವೈರಿನಿಂದ ಗಾಡಿಯ ಚಾಸಿಗೆ ಮೀಟರು ಹಿಡಿದಾಗ ಸಂಪರ್ಕ ತೋರಿಸಿದರೆ ಕಾಯಿಲ್ ‘ಅರ್ತ್ ಆಗಿದೆ’.

ಇಲ್ಲೊಂದು ಸೂಕ್ಷ್ಮವಿದೆ. ತಣ್ಣಗಿದ್ದಾಗ ಸರಿಯಾಗಿರುವ ಕಾಯಿಲ್ ಕಾದಾಗ ಕೈಕೊಡಬಹುದು. ತಂತಿಯ ಮೇಲಿನ ಎನಾಮಲ್ ಲೇಪ ಸುಟ್ಟು ಬಿರುಕು ಬಿಟ್ಟಿದ್ದರೆ ಬಿಸಿಯೇರಿದ ಮೇಲಷ್ಟೇ ಸುತ್ತುಗಳು ಒಂದಕ್ಕೊಂದು ತಾಗುತ್ತವೆ. ಅನುಭವಿ ಉಸ್ತಾದರು ಗಾಡಿಯನ್ನು ಒಂದು ರೌಂಡ್ ಓಡಿಸಿ ತಂದು ಮತ್ತೆ ಅಳೆಯುವುದು ಇದಕ್ಕೇ. ಹಾಗೆಯೇ, ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ವೈರು ಕಿತ್ತು ಚಾರ್ಜಿಂಗ್ ನೋಡುವ ಹಳೆಯ ಅಭ್ಯಾಸವನ್ನು ಬಲ್ಲವರು ಬಿಟ್ಟಿದ್ದಾರೆ. ಆ ಕ್ಷಣದಲ್ಲಿ ವೋಲ್ಟೇಜು ಚಿಮ್ಮಿ ರೆಕ್ಟಿಫೈಯರ್ ಮಾತ್ರವಲ್ಲ, ಎಂಜಿನ್ನನ್ನು ನಿಯಂತ್ರಿಸುವ ಇಸಿಯುವನ್ನೂ ಸುಟ್ಟೀತು.

ಗರಗಸದ ಬ್ಲೇಡಿನ ಸದ್ದು

ಸೆಲ್ಫ್ ಮತ್ತು ಹಳೆಯ ಡೈನಮೊಗಳನ್ನು ಕಟ್ಟುವ ವೈಂಡಿಂಗ್ ಅಂಗಡಿಗಳಲ್ಲಿ ‘ಗ್ರೌಲರ್’ ಎಂಬ ಸಾಧನ ಇರುತ್ತದೆ. ಇಂಗ್ಲಿಷಿನ ವಿ ಆಕಾರದ ಕಬ್ಬಿಣದ ತೊಟ್ಟಿಲು, ಕೆಳಗೆ ಎಸಿ ಹರಿಯುವ ಕಾಯಿಲ್. ತಂತಿ ಸುತ್ತಿದ ತಿರುಗುವ ಭಾಗವಾದ ಆರ್ಮೇಚರನ್ನು ಆ ತೊಟ್ಟಿಲಲ್ಲಿ ಇಟ್ಟು, ಮೇಲೆ ಒಂದು ಹ್ಯಾಕ್ಸಾ ಬ್ಲೇಡನ್ನು ಹಗುರವಾಗಿ ಹಿಡಿದು, ಮೆಲ್ಲಗೆ ತಿರುಗಿಸುತ್ತಾರೆ. ಸುತ್ತುಗಳು ಶಾರ್ಟ್ ಆದ ಜಾಗ ಬಂದೊಡನೆ ಬ್ಲೇಡು ಗುರ್‌ರ್ ಎಂದು ನಡುಗುತ್ತದೆ. ಕಣ್ಣಿಗೆ ಕಾಣದ ದೋಷ ಕಿವಿಗೂ ಬೆರಳಿಗೂ ಸಿಕ್ಕಿಬೀಳುತ್ತದೆ.

ಡೈನಮೊ ಕಾಲದ ಗಾಡಿಗಳು ತಮ್ಮ ಸ್ಥಿತಿಯನ್ನು ತಾವೇ ಹೇಳುತ್ತಿದ್ದವು. ಹಳೆಯ ಬುಲೆಟ್ಟುಗಳ ಹೆಡ್‌ಲೈಟ್ ಮೇಲೆ ಆ್ಯಮೀಟರ್ ಇರುತ್ತಿತ್ತು. ಮುಳ್ಳು ಪ್ಲಸ್ ಕಡೆಗೆ ವಾಲಿದರೆ ಚಾರ್ಜ್, ಮೈನಸ್ ಕಡೆಗೆ ವಾಲಿದರೆ ಖರ್ಚು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಜಾವಾಗಳಲ್ಲಿ 6 ವೋಲ್ಟಿನ ಡೈನಮೊ ಇತ್ತು. ಆ ಗಾಡಿಗಳನ್ನು ಇಂದಿಗೂ ಪ್ರೀತಿಯಿಂದ ಓಡಿಸುವವರಿಗೆ ಬ್ರಷ್, ಕಮ್ಯುಟೇಟರ್, ಕಟೌಟ್ ಬಲ್ಲ ಕೈಗಳು ಈಗಲೂ ಬೇಕು.

ಈ ಪರೀಕ್ಷೆ ಈಗ ಯಾಕೆ ಹೆಚ್ಚು ಮುಖ್ಯ?

2017ರ ಏಪ್ರಿಲ್‌ನಿಂದ ಹೊಸ ದ್ವಿಚಕ್ರ ವಾಹನಗಳ ಹೆಡ್‌ಲೈಟ್ ಎಂಜಿನ್ ಓಡುವಾಗಲೆಲ್ಲ ಉರಿಯಲೇಬೇಕು. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಬಂದ ಮೇಲೆ ಫ್ಯುಯೆಲ್ ಇಂಜೆಕ್ಷನ್ ಸಾಮಾನ್ಯವಾಯಿತು. ಪೆಟ್ರೋಲು ಚಿಮ್ಮಿಸಲೂ ಕರೆಂಟು ಬೇಕು. ಕಿಕ್ಕರ್ ಅನೇಕ ಗಾಡಿಗಳಲ್ಲಿ ಮಾಯವಾಗಿದೆ. ಬಸವನಗುಡಿಯ ಮನೆಯಿಂದ ಗಾಂಧಿ ಬಜಾರಿಗೆ, ಮಲ್ಲೇಶ್ವರದ ಮನೆಯಿಂದ ಎಂಟನೇ ಕ್ರಾಸಿಗೆ ಹೋಗಿಬರುವಷ್ಟೇ ಓಡಾಟವಿದ್ದರೆ, ಪ್ರತಿ ಸಲ ಸೆಲ್ಫ್ ಹೊಡೆದು ಖರ್ಚಾದದ್ದು ಬ್ಯಾಟರಿಗೆ ಮರಳಿ ತುಂಬುವುದೇ ಇಲ್ಲ. ಅಂಥ ಗಾಡಿಗೆ ವಾರಕ್ಕೊಮ್ಮೆಯಾದರೂ ಅರ್ಧ ಗಂಟೆಯ ಓಟ ಬೇಕು.

ಈ ಕಸುಬಿನವರಲ್ಲಿ ಹಲವರು ಕಲಿತದ್ದು ಉಸ್ತಾದರ ಕೈಕೆಳಗೆ, ಆ್ಯಸಿಡ್ ತಾಗಿ ತೂತಾದ ಅಂಗಿ ತೊಟ್ಟು. ಬಿಡಿಭಾಗ ಮಾರಿದರೆ ಲಾಭ ಸಿಗುತ್ತದೆ, ಪರೀಕ್ಷೆ ಮಾಡಿದ್ದಕ್ಕೆ ಗಿರಾಕಿ ಕಾಸು ಕೊಡಲು ಹಿಂಜರಿಯುತ್ತಾನೆ. ಹೀಗಾದರೆ ಅಳೆದು ನೋಡುವವರು ಕಡಿಮೆಯಾಗಿ ಬದಲಿಸಿ ನೋಡುವವರೇ ಉಳಿಯುತ್ತಾರೆ. ನಷ್ಟ ನಮ್ಮದೇ.

ಮುಂದಿನ ಸಲ ಗಾಡಿ ಮುನಿಸಿಕೊಂಡಾಗ ಹೊಸ ಬ್ಯಾಟರಿಯ ಬೆಲೆ ವಿಚಾರಿಸುವ ಮೊದಲು ಒಂದು ಮಾತು ಕೇಳಿ: ‘ಅಣ್ಣಾ, ಚಾರ್ಜಿಂಗ್ ಎಷ್ಟು ಬರ್ತಿದೆ, ಮೀಟರ್ ಹಿಡಿದು ನೋಡ್ತೀರಾ?’ ಅಂಕಿ ನಿಮ್ಮ ಕಣ್ಣಿಗೂ ಬೀಳಲಿ. ಸರಿಯಾಗಿ ಅಳೆದು, ‘ಬ್ಯಾಟರಿ ಚೆನ್ನಾಗಿದೆ ಸಾರ್, ಬದಲಾಯಿಸಬೇಡಿ’ ಎನ್ನುವವರು ಸಿಕ್ಕರೆ ಆ ಪರೀಕ್ಷೆಯ ಕೂಲಿಯನ್ನು ಚೌಕಾಸಿ ಮಾಡದೆ ಕೊಡಿ.